ಗಿರಣಿ ಕೆಲಸಗಾರರ ಬಂಧು ನಾರಾಯಣ ಮಲ್ಹಾರ ಜೋಶಿ

ಹಸಿದವನಿಗೆ ಅನ್ನವಿಕ್ಕುವುದು, ರೋಗಿಗೆ ಔಷಧ ಕೊಡಿಸುವುದು, ಬಡ ವಿದ್ಯಾರ್ಥಿಗೆ ಪುಸ್ತಕ ಒದಗಿಸುವುದು ಇವೆಲ್ಲವೂ ನಮ್ಮ ದೇಶದಲ್ಲಿ ಪುರಾತನ ಕಾಲದಿಂದಲೂ ಪುಣ್ಯಕಾರ್ಯಗಳೆಂದು ಗಣಿಸಲ್ಪಟ್ಟಿವೆ. ಆದರೆ ಈ ಪುಣ್ಯಕಾರ್ಯವನ್ನು ಒಬ್ಬೊಬ್ಬನೇ ತನ್ನ ಮನೆಯ ಜಗಲಿಯಲ್ಲಿ ನಿಂತು ಮಾಡುವುದಕ್ಕೂ, ಹತ್ತು ಜನರು ಸೇರಿ ಸಂಘವೊಂದನ್ನು ಕಟ್ಟಿ, ಲೆಕ್ಕಪತ್ರವಿಟ್ಟು, ವರ್ಷಾನುವರ್ಷ ತಪ್ಪದೆ ನಡೆಸಿಕೊಂಡು ಹೋಗುವುದಕ್ಕೂ ಬಹಳ ಅಂತರವುಂಟು. ಮೊದಲನೆಯದು ದಾತನ ಆಯುಷ್ಯದೊಡನೆ ಮುಗಿಯುತ್ತದೆ. ಎರಡನೆಯದು ಸಮಾಜದ ಆಸ್ತಿಯಾಗಿ ಉಳಿಯುತ್ತದೆ. ಮುಂಬಯಿ ಮಹಾನಗರದಲ್ಲಿ ಈ ಎರಡನೆಯ ಮಾರ್ಗವನ್ನು ಹಿಡಿದು, ಅದರ ಶಕ್ತಿ ಎಷ್ಟು, ಅದರ ಮಿತಿ ಎಲ್ಲಿ ಎಂಬುದನ್ನು ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟ ಮಹನೀಯರು ದಿವಂಗತ ನಾರಾಯಣ ಮಲ್ಹಾರ ಜೋಶಿಯವರು.

ಲೋವರ್ ಪರೇಲಿನ ಪರಿಸರದಲ್ಲಿ ಹಿಂದೆ ಡಿಲೈಲ್ ರೋಡ್ ಎಂದು ಕರೆಯಲ್ಪಡುತ್ತಿದ್ದ ರಸ್ತೆಗೆ ಈಗ ಎನ್. ಎಂ. ಜೋಶಿ ಮಾರ್ಗವೆಂದು ಹೆಸರು. ಆ ರಸ್ತೆಯಲ್ಲಿ ಪ್ರತಿನಿತ್ಯ ಓಡಾಡುವ ಕನ್ನಡಿಗರು ಅನೇಕರಿದ್ದಾರೆ. ಅಂಗಡಿಗಳ ಫಲಕದ ಮೇಲೆ ಆ ಹೆಸರನ್ನು ಓದುವವರಲ್ಲಿ, ಈ ಜೋಶಿಯವರು ಯಾರು, ಗಿರಣಿಗಳ ನಡುವಣ ಆ ರಸ್ತೆಗೇ ಅವರ ಹೆಸರು ಏಕೆ ಬಂದಿತು ಎಂಬುದನ್ನು ಬಲ್ಲವರು ಎಷ್ಟು ಮಂದಿಯೋ! ಆದುದರಿಂದ ಅವರ ಜೀವನ ವೃತ್ತಾಂತವನ್ನು ಸಂಕ್ಷೇಪವಾಗಿ ವಾಚಕ ಮಹಾಶಯರ ಮುಂದಿಡಲು ಇಲ್ಲಿ ಯತ್ನಿಸಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಜೋಶಿಯವರು 1879ನೆಯ ಇಸವಿ ಜೂನ್ 5ರಂದು ಕೊಂಕಣದ ಕೊಲಾಬಾ ಜಿಲ್ಲೆಯ ಗೋರೆಗಾಂವ್ ಎಂಬ ಗ್ರಾಮದಲ್ಲಿ ಜನಿಸಿದರು. ಈ ಜಿಲ್ಲೆಗೆ ಈಗ ರಾಯಗಡವೆಂದು ಹೆಸರು. ಮುಂಬಯಿಯ ಉಪನಗರವಾದ ಗೋರೆಗಾಂವ್ ಬೇರೆ, ಈ ಗ್ರಾಮ ಬೇರೆ ಎಂಬುದನ್ನು ವಾಚಕರು ಗಮನಿಸಬೇಕು. ಬ್ರಾಹ್ಮಣ ಮನೆತನ, ವಿದ್ಯೆಗೆ ಗೌರವವಿದ್ದ ಮನೆ. ಪುಣೆಯ ನ್ಯೂ ಇಂಗ್ಲಿಷ್ ಸ್ಕೂಲಿನಲ್ಲಿಯೂ ತರುವಾಯ ಡೆಕ್ಕನ್ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿ 1901ರಲ್ಲಿ ಅವರು ಪದವೀಧರರಾದರು.

ಅಂದಿನ ದಿನಗಳಲ್ಲಿ ಪದವೀಧರನೆಂದರೆ ಸರಕಾರಿ ನೌಕರಿಯ ಬಾಗಿಲು ತೆರೆದೇ ಇರುತ್ತಿದ್ದಿತು. ವಕೀಲಿ ಓದಿದರೆ ಹಣಕ್ಕೂ ಕೀರ್ತಿಗೂ ಕೊರತೆಯಿರುತ್ತಿರಲಿಲ್ಲ. ಜೋಶಿಯವರಾದರೋ ಉಪಾಧ್ಯಾಯ ವೃತ್ತಿಯನ್ನು ಹಿಡಿದು ಸುಮಾರು ಎಂಟು ವರ್ಷಗಳ ಕಾಲ ಶಾಲೆಗಳಲ್ಲಿ ಪಾಠ ಹೇಳಿದರು. ಎದುರಿಗೆ ಕುಳಿತವನಿಗೆ ಅರ್ಥವಾಗುವವರೆಗೆ ತಾಳ್ಮೆಯಿಂದ ಹೇಳುವುದು, ಹೇಳಿದುದು ಅವನ ತಲೆಗೆ ಹತ್ತಿತೇ ಇಲ್ಲವೇ ಎಂದು ಪರೀಕ್ಷಿಸಿಕೊಳ್ಳುವುದು ಉಪಾಧ್ಯಾಯನ ಧರ್ಮ. ಮುಂದೆ ಗಿರಣಿಗಾರರ ನಡುವೆಯೂ ಶಾಸನಸಭೆಯ ಸಭಾಸದರ ನಡುವೆಯೂ ಜೋಶಿಯವರು ಆಚರಿಸಿದುದು ಇದೇ ಧರ್ಮವನ್ನು.

ಗೋಖಲೆಯವರ ಸೇವಕರ ಪಂಕ್ತಿಯಲ್ಲಿ

1905ನೆಯ ಇಸವಿ ಜೂನ್ 12ರಂದು ಗೋಪಾಲ ಕೃಷ್ಣ ಗೋಖಲೆಯವರು ಪುಣೆಯಲ್ಲಿ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ ಎಂಬ ಭಾರತ ಸೇವಕರ ಸಂಘವನ್ನು ಸ್ಥಾಪಿಸಿದ್ದರು. ಸನ್ಯಾಸಿಗಳು ದೇವರಿಗಾಗಿ ಸರ್ವಸ್ವವನ್ನು ತ್ಯಜಿಸುವಂತೆ ದೇಶಕ್ಕಾಗಿ ತ್ಯಾಗ ಮಾಡುವ ವಿದ್ಯಾವಂತರ ಒಂದು ಗುಂಪು ಬೇಕೆಂಬುದು ಅವರ ಸಂಕಲ್ಪವಾಗಿದ್ದಿತು. ಈ ಸಂಘವನ್ನು ಸೇರುವವರು ತಮಗಾಗಿ ಹಣ ಸಂಪಾದಿಸುವುದಿಲ್ಲವೆಂದೂ, ಸಂಘವು ಕೊಡುವ ಅಲ್ಪ ವೇತನದಲ್ಲಿಯೇ ಸಂಸಾರ ನಡೆಸುವೆವೆಂದೂ, ಜಾತಿಮತಗಳನ್ನೆಣಿಸದೆ ಎಲ್ಲರನ್ನೂ ಸೋದರರೆಂದು ಭಾವಿಸುವೆವೆಂದೂ ಪ್ರತಿಜ್ಞೆ ಸ್ವೀಕರಿಸಬೇಕಾಗಿದ್ದಿತು. ಅದಾದ ಮೇಲೆ ಕೆಲವು ವರ್ಷಗಳ ಕಠಿಣ ಶಿಕ್ಷಣ. ದೇಶಸೇವೆಯೆಂದರೆ ಉತ್ಸಾಹ ಬಂದಾಗ ಮಾಡಿ, ಬೇಸರವಾದಾಗ ಬಿಡುವ ಕೆಲಸವಲ್ಲ, ಅದಕ್ಕೂ ತರಬೇತು ಅವಶ್ಯಕವೆಂದು ಗೋಖಲೆಯವರು ಮನಗಂಡಿದ್ದರು.

1909ರಲ್ಲಿ ಜೋಶಿಯವರು ಈ ಸಂಘದ ಸದಸ್ಯರಾದರು. ಆಗ ಅವರ ವಯಸ್ಸು ಮೂವತ್ತು. ಸಂಘದ ಸದಸ್ಯರು ತಮಗೆ ಒಗ್ಗಿದ ಒಂದೊಂದು ಕ್ಷೇತ್ರವನ್ನು ಆರಿಸಿಕೊಂಡುದನ್ನು ನೋಡಿದರೆ ಅಚ್ಚರಿಯಾಗುತ್ತದೆ. ದೇವಧರರು ರಮಾಬಾಯಿ ರಾನಡೆಯವರೊಡನೆ ಕೂಡಿ ಪುಣೆಯ ಸೇವಾಸದನದ ಮೂಲಕ ಸ್ತ್ರೀಯರ ಉನ್ನತಿಗಾಗಿ ದುಡಿದರು. ಹೃದಯನಾಥ ಕುಂಜ್ರೂ ಅವರು ಅಲಹಾಬಾದಿನಲ್ಲಿ ಸೇವಾಸಮಿತಿಯನ್ನು ಕಟ್ಟಿದರು. 1914ರಲ್ಲಿ ಸಂಘವನ್ನು ಸೇರಿದ ಇಂಜಿನಿಯರ್ ಅಮೃತಲಾಲ ಠಕ್ಕರರು ಮುಂಬಯಿ ಮುನಿಸಿಪಾಲಿಟಿಯ ನೌಕರಿಯನ್ನು ತೊರೆದು ಬಂದು, ಭಿಲ್ಲರಿಗೂ ಹರಿಜನರಿಗೂ ಬಾಪಾ ಆದರು. ಜೋಶಿಯವರ ಪಾಲಿಗೆ ಬಂದ ಕ್ಷೇತ್ರ ಮುಂಬಯಿಯ ದುಡಿಯುವ ಜನ.

ಅಂದಿನ ಗಿರಣಗಾಂವ್

ಮುಂಬಯಿಯಲ್ಲಿ ಮೊದಲನೆಯ ಹತ್ತಿ ಗಿರಣಿಯ ಸ್ಥಾಪನೆಗೆ 1854ರಲ್ಲಿ ಕಾವಸಜಿ ದಾವರರು ಕೈಹಾಕಿದರು. ಇಪ್ಪತ್ತನೆಯ ಶತಮಾನವು ಕಣ್ದೆರೆಯುವಷ್ಟರಲ್ಲಿ ಗಿರಣಿಗಳ ಸಂಖ್ಯೆ ಎಂಬತ್ತರ ಆಸುಪಾಸಿಗೆ ಏರಿದ್ದಿತು. 1911ರ ಹೊತ್ತಿಗೆ ಅವುಗಳಲ್ಲಿ ದುಡಿಯುವವರು ಲಕ್ಷದಷ್ಟು ಜನ. ರತ್ನಾಗಿರಿ, ಸಾತಾರಾ, ಕೊಲಾಬಾ ಮೊದಲಾದ ಜಿಲ್ಲೆಗಳಿಂದ ಬಂದ ರೈತರ ಮಕ್ಕಳು ಇವರು. ಹೆಂಡಿರು ಮಕ್ಕಳು ಊರಿನಲ್ಲಿ, ಇವರು ಇಲ್ಲಿ ಖಾನಾವಳಿಯ ಊಟ, ಚಾಳಿನ ಖೋಲಿ. ಕುಟುಂಬ ಸಮೇತರಾಗಿ ಬಂದವರಲ್ಲಿಯೂ ಬಹುಮಂದಿಗೆ ಒಂದೇ ಖೋಲಿಯ ಬಿಡಾರ. ಅಡಿಗೆ, ಊಟ, ನಿದ್ದೆ, ಬಾಣಂತಿತನ, ಮರಣ ಎಲ್ಲವೂ ಆ ನಾಲ್ಕು ಗೋಡೆಗಳ ನಡುವೆ. ಊರನ್ನು ಬಿಟ್ಟು ಬಂದು ಇಂಥ ಬಾಳನ್ನು ಬಾಳಿದವರ ಕಷ್ಟ ಏನೆಂಬುದನ್ನು ಪರವೂರಿನ ಕನ್ನಡಿಗರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಗಿರಣಿಗಳಿಗೆ ವಿದ್ಯುದ್ದೀಪ ಬಂದ ಮೇಲೆ ಸೂರ್ಯಾಸ್ತವೆಂಬ ಮಿತಿಯೂ ತಪ್ಪಿ, ಕೆಲವು ಕಡೆ ಕೆಲಸದ ವೇಳೆ ದಿನಕ್ಕೆ ಹದಿನಾಲ್ಕು ಹದಿನೈದು ತಾಸುಗಳಿಗೆ ಏರಿತು. 1911ರ ಕಾರಖಾನೆ ಶಾಸನವು ಜವಳಿ ಗಿರಣಿಗಳಲ್ಲಿ ಗಂಡಸರ ದುಡಿಮೆಗೆ ಹನ್ನೆರಡು ತಾಸುಗಳ ಮಿತಿ ಹಾಕಿದುದೇ ಒಂದು ದೊಡ್ಡ ಉಪಕಾರವೆನಿಸಿತು! ಕೆಲಸ ಸಿಗಬೇಕಾದರೆ ಮುಕದ್ದಮನ ಕೈ ಬೆಚ್ಚಗೆ ಮಾಡಬೇಕು. ಸಿಕ್ಕಿದ ಕೆಲಸ ಉಳಿಯಬೇಕಾದರೂ ಅವನ ಮರ್ಜಿ ಕಾಯಬೇಕು. ಸಂಬಳ ತಿಂಗಳಿಗೊಮ್ಮೆ, ಅದೂ ತಡವಾಗಿ. ಅಲ್ಲಿಯವರೆಗೆ ಸಾಲ. ರೂಪಾಯಿಗೆ ತಿಂಗಳಿಗೆ ಒಂದು ಆಣೆ ಬಡ್ಡಿ ಎಂದರೆ ಕೇಳುವುದಕ್ಕೆ ಅಲ್ಪವೆಂದು ತೋರುತ್ತದೆ. ವರ್ಷಕ್ಕೆ ಲೆಕ್ಕ ಹಾಕಿದರೆ ಹನ್ನೆರಡು ಆಣೆ, ಅಂದರೆ ನೂರಕ್ಕೆ ಎಪ್ಪತ್ತೈದು! ಮುಂದೆ 1931ರಲ್ಲಿ ವರದಿಯನ್ನೊಪ್ಪಿಸಿದ ರಾಯಲ್ ಲೇಬರ್ ಕಮಿಷನ್ನು ಈ ದರವೇ ಸಾಮಾನ್ಯವೆಂದೂ, ಬಹುತೇಕ ಔದ್ಯೋಗಿಕ ನಗರಗಳಲ್ಲಿ ಮೂರರಲ್ಲಿ ಎರಡು ಪಾಲು ಕಾರ್ಮಿಕರು ಸಾಲದಲ್ಲಿ ಮುಳುಗಿರುವರೆಂದೂ ಕಂಡುಕೊಂಡಿತು.

ಸೋಶಿಯಲ್ ಸರ್ವಿಸ್ ಲೀಗ್

ಇಂಥ ಪರಿಸ್ಥಿತಿಯಲ್ಲಿ 1911ರಲ್ಲಿ ಜೋಶಿಯವರು ಕೆಲವು ಸಜ್ಜನರೊಡಗೂಡಿ ಮುಂಬಯಿಯಲ್ಲಿ ಸೋಶಿಯಲ್ ಸರ್ವಿಸ್ ಲೀಗ್ ಎಂಬ ಸಮಾಜ ಸೇವಾ ಮಂಡಳಿಯನ್ನು ಸ್ಥಾಪಿಸಿದರು. ಜನಸಾಮಾನ್ಯರ ಬಾಳೂ ದುಡಿಮೆಯೂ ಮನುಷ್ಯನಿಗೆ ಸಲ್ಲುವ ಮಟ್ಟಕ್ಕೆ ಏರಬೇಕೆಂಬುದೇ ಅದರ ಧ್ಯೇಯ. ಈ ಮಂಡಳಿಯ ಅಧ್ಯಕ್ಷ ಪದವಿಯನ್ನಲಂಕರಿಸಿದ ಸರ್ ನಾರಾಯಣ ಗಣೇಶ ಚಂದಾವರಕರರು ಉತ್ತರ ಕನ್ನಡದ ಹೊನ್ನಾವರದಲ್ಲಿ 1855ರಲ್ಲಿ ಜನಿಸಿದವರೆಂಬುದು ನಮಗೆ ಹೆಮ್ಮೆಯ ಸಂಗತಿ. 1900ರಲ್ಲಿ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ, ತರುವಾಯ ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾಗಿ ಪ್ರಖ್ಯಾತರಾದ ಅವರ ಹೆಸರು ಲೀಗಿಗೆ ಗೌರವ ತಂದಿತು. ಕಾರ್ಯದರ್ಶಿಗಳಾದ ಜೋಶಿಯವರ ಕಾಲುಗಳು ಅದನ್ನು ಚಾಳಿನಿಂದ ಚಾಳಿಗೆ ನಡೆಸಿದವು.

ಲೀಗು ಮಾಡಿದ ಕೆಲಸಗಳ ಪಟ್ಟಿ ಉದ್ದವಾದುದು. ಗಿರಣಿಯ ಕೆಲಸ ಬಿಟ್ಟ ಬಳಿಕ ಅಕ್ಷರ ಕಲಿಯಲೆಂದು ರಾತ್ರಿ ಶಾಲೆಗಳು, ಬಿಟ್ಟಿ ವಾಚನಾಲಯಗಳು, ಪುಸ್ತಕಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಜನರಿದ್ದಲ್ಲಿಗೇ ಕಳುಹಿಸುವ ಸಂಚಾರಿ ಪುಸ್ತಕಾಲಯಗಳು, ಔಷಧಾಲಯಗಳು, ಹುಡುಗರಿಗಾಗಿ ಕ್ಲಬ್ಬುಗಳು ಮತ್ತು ಸ್ಕೌಟ್ ದಳಗಳು, ವ್ಯಾಯಾಮ ಶಾಲೆಗಳು, ಚಾಳುಗಳಲ್ಲಿ ನೈರ್ಮಲ್ಯದ ಪ್ರಚಾರ, ಕೊಳಚೆ ಪ್ರದೇಶಗಳ ನಿವಾಸಿಗಳಿಗಾಗಿ ಹೊರಸಂಚಾರ, ಇವೆಲ್ಲವೂ ಅದರಲ್ಲಿ ಸೇರಿದ್ದವು. ಪರೇಲಿನಲ್ಲಿ ಲೀಗಿನ ವತಿಯಿಂದ ನಿರ್ಮಿತವಾದ ದಾಮೋದರ ನಾಟ್ಯಗೃಹದಲ್ಲಿ ಕೊಂಕಣದ ಕೂಲಿಕಾರ ಕಲಾವಿದರು ದಶಕಗಳ ಕಾಲ ತಮ್ಮ ನಾಟಕಗಳನ್ನಾಡಿದರು. ದುಡಿಯುವವನಿಗೆ ಹೊಟ್ಟೆಯೊಂದೇ ಅಲ್ಲ, ಮನಸ್ಸೂ ಉಂಟೆಂಬುದನ್ನು ಈ ಸೇವಕರು ಮರೆತಿರಲಿಲ್ಲ.

ಇವುಗಳಲ್ಲಿ ಮೂರು ಕಾರ್ಯಗಳನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕಾಗಿದೆ.

ಮೊದಲನೆಯದು ಸಹಕಾರಿ ಸಾಲದ ಸಂಘಗಳು. ಬಡ್ಡಿ ವ್ಯಾಪಾರಿಯನ್ನು ಬೈಯುವುದರಿಂದ ಸಾಲಗಾರನ ಸಾಲ ಒಂದು ಕಾಸೂ ಇಳಿಯುವುದಿಲ್ಲ. ಕೆಲಸಗಾರರೇ ಹತ್ತಾರು ಜನ ಸೇರಿ ಅಲ್ಪಸ್ವಲ್ಪ ಹಣ ಕೂಡಿಸಿ, ಒಬ್ಬರಿಗೊಬ್ಬರು ಜಾಮೀನಾಗಿ ನಿಂತು ಹಗುರವಾದ ಬಡ್ಡಿಗೆ ಸಾಲ ಪಡೆಯುವಂತಾದರೆ ಮಾತ್ರ ಅವನು ಪಠಾಣನ ದೊಣ್ಣೆಯಿಂದ ಪಾರಾಗುವನು. ಹನಿಗೂಡಿದರೆ ಹಳ್ಳವೆಂಬ ನಮ್ಮವರ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇರೊಂದಿಲ್ಲ.

ಎರಡನೆಯದು ನ್ಯಾಯಾಲಯದ ಸಹಾಯ. ಓದುಬರಹ ಬಾರದ ಬಡವನು ಯಾವುದೋ ಆರೋಪದ ಮೇಲೆ ಪೊಲೀಸ್ ಕೋರ್ಟಿನಲ್ಲಿ ನಿಂತಾಗ ಅಲ್ಲಿ ನಡೆಯುವ ಮಾತು ಅವನಿಗೆ ತಿಳಿಯದು. ತನ್ನ ಮಾತನ್ನು ತಿಳಿಸಲು ಅವನಿಗೆ ಬಾರದು. ಅಂಥವರ ಬಳಿ ನಿಂತು ವಿಚಾರಿಸಿ, ದಾರಿ ತೋರಿಸಲು ಲೀಗು ತನ್ನ ಪ್ರತಿನಿಧಿಗಳನ್ನು ಕೋರ್ಟುಗಳಿಗೆ ಕಳುಹಿಸುತ್ತಿದ್ದಿತು. ಕಾಯಿದೆಯ ಸಲಹೆಯನ್ನೂ ಪುಕ್ಕಟೆಯಾಗಿ ಕೊಡುತ್ತಿದ್ದಿತು. ಬಡವರಿಗೆ ಉಚಿತ ಕಾನೂನು ನೆರವು ಕೊಡುವುದು ಸರಕಾರದ ಕರ್ತವ್ಯವೆಂದು ನಮ್ಮ ಸಂವಿಧಾನದಲ್ಲಿ ಸೇರಿದುದು 1976ರಲ್ಲಿ. ಅದಕ್ಕೂ ಅರ್ಧ ಶತಮಾನಕ್ಕಿಂತ ಹಿಂದೆಯೇ ಖಾಸಗಿ ಸಂಘವೊಂದು ಈ ಕಾರ್ಯವನ್ನು ಕೈಗೊಂಡಿದ್ದಿತೆಂಬುದು ಸ್ಮರಣೀಯ.

ಮೂರನೆಯದು ಶಿಶುಪಾಲನಾ ಕೇಂದ್ರಗಳು. ಗಿರಣಿಯಲ್ಲಿ ದುಡಿಯುವ ತಾಯಂದಿರು ಹಸುಗೂಸುಗಳು ಅಳದೆ ಮಲಗಿರಲೆಂದು ಅವುಗಳಿಗೆ ಅಫೀಮಿನ ಗುಳಿಗೆ ತಿನ್ನಿಸುತ್ತಿದ್ದುದು ಅಂದಿನ ವಿಚಾರಣೆಗಳಲ್ಲಿ ದಾಖಲಾಗಿರುವ ಸತ್ಯ. ತಾಯಿ ಕ್ರೂರಿಯಾದುದರಿಂದ ಹೀಗಾಗುತ್ತಿದ್ದಿತೇ? ಅಲ್ಲ, ಮಗುವನ್ನು ನೋಡಿಕೊಳ್ಳುವವರು ಯಾರೂ ಇಲ್ಲದುದರಿಂದ. ಹಗಲು ಹೊತ್ತು ಮಕ್ಕಳನ್ನು ಇರಿಸಿಕೊಂಡು ಹಾಲೂಡಿಸುವ ಒಂದು ಕೋಣೆಯಿದ್ದರೆ ಆ ಗುಳಿಗೆ ತಾನಾಗಿ ಬೇಡವಾಗುತ್ತದೆ. ಉಪದೇಶದಿಂದ ಆಗದ ಕೆಲಸವು ಒಂದು ತೊಟ್ಟಿಲಿನಿಂದ ಆಗುತ್ತದೆ.

1918ರಲ್ಲಿ ಇನ್‌ಫ್ಲುಯೆಂಜಾ ಜ್ವರವು ನಗರವನ್ನು ಮುತ್ತಿದಾಗ ಮುನಿಸಿಪಾಲಿಟಿಯ ಆಸ್ಪತ್ರೆಗಳು ಸಾಲದಾದವು. ಆಗ ಲೀಗೂ ನಗರದ ಇತರ ಸೇವಾಸಂಘಗಳೂ ಔಷಧ ವಿತರಣೆಗೆ ಮುಂದಾದವು. ಪರಿಚಯವಿಲ್ಲದ ವೈದ್ಯನಿಗೆ ಬಾಗಿಲು ತೆರೆಯಲು ಹೆದರುತ್ತಿದ್ದ ಜನ, ತಮ್ಮ ಮಗನಿಗೆ ರಾತ್ರಿ ಶಾಲೆಯಲ್ಲಿ ಪಾಠ ಹೇಳಿದವರು ಬಂದರೆ ತೆರೆಯುವುದು ಸಹಜವಲ್ಲವೇ? ಸರಕಾರದ ಬಳಿ ಹಣವಿರಬಹುದು, ಅಧಿಕಾರವಿರಬಹುದು. ಜನರ ವಿಶ್ವಾಸವನ್ನು ಗಳಿಸುವುದರಲ್ಲಿ ಸಂಘಸಂಸ್ಥೆಗಳಿಗೆ ಇರುವ ಅನುಕೂಲ್ಯ ಬೇರೆಯೇ.

ಸೇವೆಯಿಂದ ಶಾಸನಕ್ಕೆ

ಇಷ್ಟರಲ್ಲಿಯೇ ತೃಪ್ತರಾಗಿದ್ದರೆ ಜೋಶಿಯವರು ಒಬ್ಬ ಪರೋಪಕಾರಿಯೆಂಬ ಹೆಸರನ್ನು ಪಡೆದು ಸುಖವಾಗಿರಬಹುದಾಗಿದ್ದಿತು. ಗಿರಣಿಯ ಮಾಲೀಕರಿಗೂ ಲೀಗಿನ ಮೇಲೆ ಅಭಿಮಾನವಿದ್ದಿತು. ಟಾಟಾ ಮತ್ತು ಕರೀಂಭಾಯಿ ಇಬ್ರಾಹಿಂ ಮನೆತನಗಳ ಗಿರಣಿಗಳಿಗೆ ಸಂಬಂಧಪಟ್ಟ ಕಾರ್ಮಿಕ ಕಲ್ಯಾಣ ಕೇಂದ್ರಗಳ ಆಡಳಿತವನ್ನು ಲೀಗಿಗೇ ಒಪ್ಪಿಸಿದ್ದರು. ಆದರೆ ದಿನಕ್ಕೆ ಹನ್ನೆರಡು ತಾಸು ಯಂತ್ರದ ಮುಂದೆ ನಿಂತು ಬಂದವನು ರಾತ್ರಿ ಶಾಲೆಯಲ್ಲಿ ಕುಳಿತು ಏನನ್ನು ಕಲಿತಾನು? ಕಣ್ಣೆವೆ ತಾನಾಗಿ ಮುಚ್ಚುತ್ತದೆ. ಸಂಬಳವೇ ಸಾಲದಿದ್ದವನನ್ನು ಸಹಕಾರಿ ಸಂಘವು ಎಷ್ಟು ದಿನ ಸಾಲದಿಂದ ಕಾಪಾಡೀತು? ಗಾಯಗೊಂಡು ಕೈ ಕಳೆದುಕೊಂಡವನಿಗೆ ಔಷಧಾಲಯದ ಪಟ್ಟಿ ಸಾಕೇ? ಸೇವಾಸಂಘವು ಗಾಯಕ್ಕೆ ಮುಲಾಮು ಹಚ್ಚಬಲ್ಲುದು. ಗಾಯವಾಗದಂತೆ ತಡೆಯಬೇಕಾದರೆ ಕಾಯಿದೆ ಬೇಕು. ಕಾಯಿದೆ ಬರಬೇಕಾದರೆ ಕೆಲಸಗಾರನೇ ಸಂಘಟಿತನಾಗಿ ಕೇಳಬೇಕು. ಜೋಶಿಯವರ ಬಾಳಿನ ಉತ್ತರಾರ್ಧವೆಲ್ಲ ಈ ಒಂದು ತಿಳಿವಿನ ಫಲ.

1919ರಲ್ಲಿ ವಾಷಿಂಗ್ಟನ್ನಿನಲ್ಲಿ ನೆರೆದ ಪ್ರಥಮ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನಕ್ಕೆ ಭಾರತದ ಕಾರ್ಮಿಕರ ಪ್ರತಿನಿಧಿಯಾಗಿ ಅವರು ಹೋದರು. ದಿನಕ್ಕೆ ಎಂಟು, ವಾರಕ್ಕೆ ನಲವತ್ತೆಂಟು ತಾಸುಗಳ ದುಡಿಮೆಯೆಂಬ ತತ್ವವನ್ನು ಆ ಸಮ್ಮೇಳನವು ಅಂಗೀಕರಿಸಿತು. ಭಾರತಕ್ಕೆ ಮಾತ್ರ ವಾರಕ್ಕೆ ಅರುವತ್ತು ತಾಸುಗಳೆಂದು ವಿನಾಯಿತಿ ಇಟ್ಟಿತು. ಆ ಅರುವತ್ತು ತಾಸುಗಳೇ 1922ರ ಕಾರಖಾನೆ ಶಾಸನದಲ್ಲಿ ಬಂದವು. ದಿನದ ದುಡಿಮೆ ಹನ್ನೊಂದು ತಾಸಿಗೆ ಇಳಿಯಿತು, ಹನ್ನೆರಡು ವರ್ಷಕ್ಕೆ ಕೆಳಗಿನ ಮಕ್ಕಳನ್ನು ದುಡಿಸುವುದು ನಿಂತಿತು. 1934ರಲ್ಲಿ ವಾರಕ್ಕೆ ಐವತ್ತನಾಲ್ಕು, 1946ರಲ್ಲಿ ನಲವತ್ತೆಂಟು. ವಾಷಿಂಗ್ಟನ್ನಿನಲ್ಲಿ ಕೇಳಿದ ಮಾತು ಭಾರತದ ಗಿರಣಿಗೆ ಬಂದು ಮುಟ್ಟಲು ಇಪ್ಪತ್ತೇಳು ವರ್ಷಗಳು ಹಿಡಿದವು! ಆ ದೀರ್ಘ ಪ್ರಯಾಣದ ಬಹುಕಾಲ ಜೋಶಿಯವರು ದಿಲ್ಲಿಯ ಕೇಂದ್ರ ಶಾಸನಸಭೆಯಲ್ಲಿ ಕಾರ್ಮಿಕರ ಪ್ರತಿನಿಧಿಯಾಗಿ ನಾಮಕರಣಗೊಂಡು ಕುಳಿತಿದ್ದರು. 1921ರಿಂದ ಸ್ವಾತಂತ್ರ್ಯ ಬರುವವರೆಗೂ ಅವರ ಈ ದುಡಿಮೆ ನಡೆಯಿತು.

ಮದರಾಸಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಯವರು ಕಾರ್ಮಿಕ ಧುರೀಣರಾದ ವಾಡಿಯಾ ಅವರ ಮೇಲೆ ನ್ಯಾಯಾಲಯದಲ್ಲಿ ದಾವೆ ಹೂಡಿದಾಗ, ಕಾರ್ಮಿಕ ಸಂಘ ಕಟ್ಟುವುದೇ ಕಾಯಿದೆಯ ಕಣ್ಣಿನಲ್ಲಿ ಅಪರಾಧವಾಗಬಹುದೆಂಬ ಭೀತಿ ದೇಶದಲ್ಲಿ ಹುಟ್ಟಿತು. 1921ರ ಮಾರ್ಚಿಯಲ್ಲಿ ಜೋಶಿಯವರು ಶಾಸನಸಭೆಯಲ್ಲಿ ಕಾರ್ಮಿಕ ಸಂಘಗಳಿಗೆ ರಕ್ಷಣೆ ನೀಡುವ ಕಾಯಿದೆ ಬೇಕೆಂಬ ಗೊತ್ತುವಳಿಯನ್ನು ತಂದು ಅಂಗೀಕಾರ ಪಡೆದರು. ಕಾಯಿದೆ ಬಂದುದು 1926ರಲ್ಲಿ. 1923ರಲ್ಲಿ ಕೆಲಸದಲ್ಲಿ ಗಾಯಗೊಂಡವರಿಗೆ ಪರಿಹಾರ ಕೊಡಿಸುವ ಶಾಸನವೂ, 1936ರಲ್ಲಿ ಸಂಬಳವನ್ನು ಗೊತ್ತಾದ ಅವಧಿಯೊಳಗೆ ಕೊಡಿಸುವ ಶಾಸನವೂ ಬಂದವು.

ಸೋಲೂ ಉಂಟು. 1924ರಲ್ಲಿ ಹೆರಿಗೆಯ ಸಮಯದಲ್ಲಿ ಕೆಲಸಗಾರ್ತಿಯರಿಗೆ ರಜೆ ಮತ್ತು ಸಹಾಯಧನ ಕೊಡಿಸುವ ಮಸೂದೆಯೊಂದನ್ನು ಜೋಶಿಯವರು ಶಾಸನಸಭೆಯ ಮುಂದಿಟ್ಟರು. ಅದು ಬಿದ್ದುಹೋಯಿತು. ಆದರೆ ಬಿತ್ತಿದ ಬೀಜ ಹುಸಿಯಾಗಲಿಲ್ಲ. ಐದೇ ವರ್ಷಗಳಲ್ಲಿ, 1929ರಲ್ಲಿ, ಮುಂಬಯಿ ಪ್ರಾಂತದ ಶಾಸನಸಭೆಯೇ ಅಂಥ ಕಾಯಿದೆಯನ್ನು ಮಾಡಿ ದೇಶಕ್ಕೆ ಮೊದಲನೆಯದೆನಿಸಿತು. ಶಿಶುಪಾಲನಾ ಕೇಂದ್ರದ ತೊಟ್ಟಿಲಿನ ಬಳಿ ಕಂಡ ಸತ್ಯವು ಕಾಯಿದೆಯ ಪುಸ್ತಕವನ್ನು ಸೇರಿದ ಬಗೆ ಇದು.

ಕಾರ್ಮಿಕ ಸಂಘಟನೆ

1920ನೆಯ ಇಸವಿ ಅಕ್ಟೋಬರ್ 31ರಂದು ಲಾಲಾ ಲಜಪತರಾಯರ ಅಧ್ಯಕ್ಷತೆಯಲ್ಲಿ ಮುಂಬಯಿಯಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸು ಉದಯವಾಯಿತು. ಅದರ ಸ್ಥಾಪಕರಲ್ಲಿ ಜೋಶಿಯವರು ಪ್ರಮುಖರು. 1925ರಿಂದ 1929ರವರೆಗೆ ಅವರೇ ಅದರ ಪ್ರಧಾನ ಕಾರ್ಯದರ್ಶಿಗಳು. 1926ರಲ್ಲಿ ಮುಂಬಯಿಯ ಜವಳಿ ಗಿರಣಿಗಳ ಕೆಲಸಗಾರರಿಗಾಗಿ ಬಾಂಬೆ ಟೆಕ್ಸ್‌ಟೈಲ್ ಲೇಬರ್ ಯೂನಿಯನ್ನನ್ನು ಕಟ್ಟಿ ಅದರ ಅಧ್ಯಕ್ಷರಾದರು. 1928ರಲ್ಲಿ ಗಿರಣಿಗಳ ಮಹಾ ಮುಷ್ಕರವು ಆರು ತಿಂಗಳು ನಡೆದಾಗ, ತಮ್ಮ ಮಾರ್ಗವನ್ನು ಒಪ್ಪದ ಸಾಮ್ಯವಾದಿ ಧುರೀಣರೊಡನೆಯೂ ಒಂದೇ ಸಮಿತಿಯಲ್ಲಿ ಕುಳಿತು ದುಡಿದರು.

ಈ ಭಿನ್ನಾಭಿಪ್ರಾಯವು ಮರುವರ್ಷ ನಾಗಪುರದಲ್ಲಿ ಬಿರುಕಾಗಿ ಒಡೆಯಿತು. ರಾಯಲ್ ಲೇಬರ್ ಕಮಿಷನ್ನನ್ನು ಬಹಿಷ್ಕರಿಸಬೇಕೆಂದು ಬಹುಮತವು ನಿರ್ಧರಿಸಿದಾಗ, ಸ್ವತಃ ಕಮಿಷನ್ನಿನ ಸದಸ್ಯರಾಗಿದ್ದ ಜೋಶಿಯವರು ವಿ. ವಿ. ಗಿರಿ, ಮಂಗಳೂರಿನ ಬಿ. ಶಿವರಾಯರು ಮೊದಲಾದವರೊಡನೆ ಹೊರಬಂದು ಬೇರೊಂದು ಸಂಸ್ಥೆ ಕಟ್ಟಬೇಕಾಯಿತು. ಸರಕಾರದ ಕಮಿಷನ್ನಿನಲ್ಲಿ ಕುಳಿತವರು ಸರಕಾರದ ಜನವೆಂದು ಟೀಕಿಸಿದವರೂ ಇದ್ದರು. ಆದರೆ ಆ ಕಮಿಷನ್ನಿನ ವರದಿಯಲ್ಲಿ ಖೋಲಿ, ಬಡ್ಡಿ, ಮುಕದ್ದಮ, ಬಾಣಂತಿ ಎಲ್ಲರ ಕಥೆಯೂ ಅಂಕಿಸಂಖ್ಯೆಗಳೊಡನೆ ದಾಖಲಾಗಿ, ಮುಂದಿನ ಎಷ್ಟೋ ಕಾಯಿದೆಗಳಿಗೆ ಅದೇ ಆಧಾರವಾಯಿತೆಂಬುದನ್ನು ಮರೆಯಲಾಗದು. ಶಿವರಾಯರೂ ಜೋಶಿಯವರೂ 1930ರಲ್ಲಿ ಲಂಡನ್ನಿನ ದುಂಡು ಮೇಜಿನ ಪರಿಷತ್ತಿಗೂ ಕಾರ್ಮಿಕರ ಪರವಾಗಿ ಹೋಗಿದ್ದರು.

ಒಡೆದುದನ್ನು ಕೂಡಿಸುವ ಆಸೆ ಜೋಶಿಯವರನ್ನು ಬಿಡಲಿಲ್ಲ. ಹನ್ನೊಂದು ವರ್ಷಗಳ ತರುವಾಯ, 1940ರಲ್ಲಿ, ಬೇರ್ಪಟ್ಟ ಶಾಖೆಗಳು ಮತ್ತೆ ಒಂದಾದಾಗ ಎರಡು ಪಕ್ಷದವರಿಗೂ ಒಪ್ಪಿಗೆಯಾದ ಪ್ರಧಾನ ಕಾರ್ಯದರ್ಶಿಗಳೆಂದರೆ ಅವರೇ. ಆ ಹೊಣೆಯನ್ನು 1948ರವರೆಗೆ ಹೊತ್ತರು. ಮತಭೇದವಿದ್ದವರಿಗೂ ಅವರ ಪ್ರಾಮಾಣಿಕತೆಯಲ್ಲಿ ಸಂದೇಹವಿರಲಿಲ್ಲವೆಂಬುದಕ್ಕೆ ಇದ್ದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಸರಳ ಜೀವನ

ದೇಶವಿದೇಶಗಳ ಸಭೆಗಳಲ್ಲಿ ಕುಳಿತರೂ ಜೋಶಿಯವರ ಬಾಳಿನ ರೀತಿ ಬದಲಾಗಲಿಲ್ಲ. ಬ್ರಿಟಿಷ್ ಸರಕಾರವು ಸಿ. ಐ. ಇ. ಎಂಬ ಬಿರುದನ್ನು ಕೊಡಲು ಮುಂದಾದಾಗ, ಬಡವನಾದ ತನಗೆ ಅಂಥ ಬಿರುದು ಒಪ್ಪದೆಂದು ವಿನಯದಿಂದ ಅದನ್ನು ನಿರಾಕರಿಸಿದರು. ಬಿರುದಿಗಾಗಿ ಜನರು ಗವರ್ನರರ ಬಂಗಲೆಯ ಮೆಟ್ಟಲು ಸವೆಸುತ್ತಿದ್ದ ಆ ಕಾಲದಲ್ಲಿ ಇದು ಸಾಮಾನ್ಯ ಸಂಗತಿಯಾಗಿರಲಿಲ್ಲ. ಗುಡುಗುವ ಭಾಷಣಕಾರರಲ್ಲ ಅವರು. ಅಂಕಿಸಂಖ್ಯೆಗಳನ್ನು ಒಂದೊಂದಾಗಿ ಜೋಡಿಸಿ, ಪಾಠ ಹೇಳಿದಂತೆ ವಾದಿಸುವವರು. ಇಂದು ಸೋತ ಮಾತನ್ನು ನಾಳೆ ಮತ್ತೆ ಎತ್ತುವರು. 1955ನೆಯ ಇಸವಿ ಮೇ 30ರಂದು, ಎಪ್ಪತ್ತಾರನೆಯ ಹುಟ್ಟುಹಬ್ಬಕ್ಕೆ ಆರು ದಿನಗಳಿರುವಾಗ ಅವರು ನಿಧನ ಹೊಂದಿದರು.

ನಮ್ಮ ಸಂಘಗಳಿಗೆ ಒಂದು ಪಾಠ

ಜೋಶಿಯವರು ಕಂಡ ಗಿರಣಗಾಂವ್ ಇಂದು ಉಳಿದಿಲ್ಲ. 1982ರ ಮಹಾ ಮುಷ್ಕರದ ತರುವಾಯ ಒಂದೊಂದಾಗಿ ಗಿರಣಿಗಳು ಮುಚ್ಚಿದವು. ಚಿಮಣಿಗಳು ನಿಂತಿದ್ದಲ್ಲಿ ಗಗನಚುಂಬಿ ಸೌಧಗಳೂ ಮಾಲುಗಳೂ ಎದ್ದಿವೆ. ಆದರೆ ಊರು ಬಿಟ್ಟು ಬಂದು ದುಡಿಯುವವನು ಇಲ್ಲದೆ ಹೋಗಿರುವನೇ? ಅವನು ಗಿರಣಿಯಿಂದ ಹೊರಬಂದು ಕಟ್ಟಡದ ಸಾರುವೆಯ ಮೇಲೆ, ಸಾಮಾನು ಹೊತ್ತ ಮೋಟರ್ ಸೈಕಲ್ಲಿನ ಮೇಲೆ, ಹೋಟೆಲಿನ ಅಡಿಗೆಮನೆಯಲ್ಲಿ ನಿಂತಿದ್ದಾನೆ.

ಪರವೂರಿನ ಕನ್ನಡಿಗರಿಗೆ ಸಂಘ ಕಟ್ಟುವ ಕಲೆಯನ್ನು ಯಾರೂ ಕಲಿಸಬೇಕಾಗಿಲ್ಲ. ಹಗಲೆಲ್ಲ ಕಪ್ಪು ಬಶಿ ತೊಳೆದು, ಮೇಜು ಒರಸಿ, ಸಂಜೆಯಾದೊಡನೆ ಪುಸ್ತಕ ಹಿಡಿದು ರಾತ್ರಿ ಶಾಲೆಗೆ ಓಡಿದ ಹುಡುಗರು ಮುಂದೆ ವಕೀಲರಾಗಿ, ಬ್ಯಾಂಕಿನ ಅಧಿಕಾರಿಗಳಾಗಿ, ಉದ್ಯಮಿಗಳಾಗಿ ಮೆರೆದುದನ್ನು ಮುಂಬಯಿ ನೋಡಿದೆ. ಮೊಗವೀರ ಸಮಾಜದವರ ರಾತ್ರಿ ಶಾಲೆಯೇ ಮೊದಲಾದ ನಮ್ಮ ವಿದ್ಯಾಸಂಸ್ಥೆಗಳು ಮಾಡಿದ ಉಪಕಾರವನ್ನು ಹಿರಿಯರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಹೋಟೆಲ್ ಕೆಲಸಗಾರನ ದುಡಿಮೆಯ ವೇಳೆಗೆ ಮುಂಬಯಿ ಪ್ರಾಂತದಲ್ಲಿ ಕಾಯಿದೆಯ ಮಿತಿ ಬಂದುದು 1939ರ ಅಂಗಡಿ ಮತ್ತು ಸಂಸ್ಥೆಗಳ ಶಾಸನದಿಂದ. ರಾತ್ರಿ ಶಾಲೆಯ ಬಾಗಿಲು ಅದಕ್ಕೂ ಮೊದಲೇ ತೆರೆದಿದ್ದಿತು. ಸಂಘವು ಮುಂದೆ, ಸರಕಾರ ಹಿಂದೆ. ಜೋಶಿಯವರ ಬಾಳಿನಲ್ಲಿ ಕಂಡ ಕ್ರಮವೇ ನಮ್ಮಲ್ಲಿಯೂ ನಡೆದಿದೆ.

ಇಂದಾದರೋ ನಮ್ಮ ಹೋಟೆಲುಗಳಲ್ಲಿ ದುಡಿಯುವವರೆಲ್ಲರೂ ನಮ್ಮ ಊರಿನ ಹುಡುಗರಲ್ಲ. ಒಡಿಸ್ಸಾ, ಬಂಗಾಳ, ಬಿಹಾರ, ನೇಪಾಳಗಳಿಂದ ಬಂದವರು ಅನೇಕರಿದ್ದಾರೆ. ಅವರಿಗೆ ಈ ನಗರದಲ್ಲಿ ಜಾತಿಯ ಸಂಘವಿಲ್ಲ, ಭಾಷೆಯ ಸಂಘವಿಲ್ಲ. ಭವಿಷ್ಯನಿಧಿ, ಕಾರ್ಮಿಕ ವಿಮೆ, 2021ರಲ್ಲಿ ಕೇಂದ್ರ ಸರಕಾರವು ಅಸಂಘಟಿತ ಕೆಲಸಗಾರರಿಗಾಗಿ ಆರಂಭಿಸಿದ ಇ-ಶ್ರಮ ನೋಂದಣಿ ಎಂದು ಕಾಗದದ ಮೇಲೆ ಅನುಕೂಲ್ಯಗಳು ಹಲವಿವೆ. ಅರ್ಜಿ ತುಂಬಿಸಿಕೊಡುವ ಕೈಯೊಂದು ಬೇಕು, ಯಾವ ಕಚೇರಿಗೆ ಹೋಗಬೇಕೆಂದು ಹೇಳುವ ಬಾಯೊಂದು ಬೇಕು. ಲೀಗು ಪೊಲೀಸ್ ಕೋರ್ಟಿನಲ್ಲಿ ತನ್ನ ಪ್ರತಿನಿಧಿಯನ್ನು ನಿಲ್ಲಿಸಿದುದು ಇದೇ ಕಾರ್ಯಕ್ಕಾಗಿ ಅಲ್ಲವೇ?

ನಮ್ಮ ಸಂಘಗಳ ವಾರ್ಷಿಕೋತ್ಸವಗಳು ವಿಜೃಂಭಣೆಯಿಂದ ನಡೆಯಲಿ. ಯಕ್ಷಗಾನವೂ ನಡೆಯಲಿ, ಸನ್ಮಾನವೂ ನಡೆಯಲಿ. ಅದರೊಡನೆ ವಾರಕ್ಕೊಂದು ಸಂಜೆ ಸಂಘದ ಕಚೇರಿಯ ಬಾಗಿಲನ್ನು ಈ ಪರದೇಶಿ ಹುಡುಗರಿಗೂ ತೆರೆದು, ಓದುಬರಹ ಬಲ್ಲ ಇಬ್ಬರನ್ನು ಮೇಜಿನ ಮುಂದೆ ಕುಳ್ಳಿರಿಸಿದರೆ ಖರ್ಚು ಹೆಚ್ಚೇನೂ ಆಗದು. ಜೋಶಿಯವರ ಪ್ರತಿಜ್ಞೆಯಲ್ಲಿ ಜಾತಿಮತಗಳ ಎಣಿಕೆಯಿರಲಿಲ್ಲ. ಲೀಗಿನ ಶಾಲೆಗೆ ಬಂದವನ ಊರು ಯಾವುದೆಂಬುದು ಅವರಿಗೆ ಮುಖ್ಯವಾಗಿರಲಿಲ್ಲ. ನಾವು ಈ ನಗರಕ್ಕೆ ಬಂದಾಗ ನಮಗೆ ಕೈಕೊಟ್ಟವರ ಋಣವನ್ನು ಅವರಿಗೆ ಮರಳಿ ಸಲ್ಲಿಸಲು ಸಾಧ್ಯವಿಲ್ಲ, ಅವರಲ್ಲಿ ಬಹುಮಂದಿ ಇಂದು ಇಲ್ಲ. ನಮ್ಮ ತರುವಾಯ ಬಂದವರಿಗೆ ಅದನ್ನು ಸಲ್ಲಿಸುವ ಅವಕಾಶವಾದರೂ ನಮ್ಮ ಕೈಯಲ್ಲಿದೆ. ಸಂಘಗಳ ಧುರೀಣರು ಈ ವಿಷಯವನ್ನು ತಮ್ಮ ಮುಂದಿನ ಸಭೆಯಲ್ಲಿಯೇ ಆಲೋಚಿಸುವರೆಂದು ಆಶಿಸುತ್ತೇವೆ.